ಮರಳಿ ಬಂದ ಚಾಳೀಸು

ಮಾರ್ಚ್ 3, ಸೋಮವಾರ

ಕುಡಿದದ್ದನ್ನೆಲ್ಲ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ತಿಂದದ್ದನ್ನಲ್ಲ, ಕುಡಿದದ್ದನ್ನು. ಅವರಿಗೆ ತೋರಿಸಬೇಕಾಗಿಲ್ಲವಂತೆ. "ನಿಮಗೇ ಗೊತ್ತಾಗಲಿ ಅಂತ." ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ?

ಬೆಳಿಗ್ಗೆ ಹತ್ತೂವರೆಗೆ ಒಂದು, ಊಟದ ಜೊತೆ ಒಂದು, ನಾಲ್ಕು ಗಂಟೆಗೆ ಒಂದು. ಅರ್ಧ ಲೀಟರಿನ ಕೋಲಾ ಬಾಟಲಿ, ಕಪ್ಪನೆಯದು. ಹತ್ತು ವರ್ಷದಿಂದ ಹೀಗೆ. ಬರೆದದ್ದಾಯಿತು. ನೂರಾ ತೊಂಬತ್ತು ಪುಟದ ಪುಸ್ತಕದಲ್ಲಿ ಎರಡು ಸಾಲು.

ಪುಟ ಖಾಲಿ ಬಿಡುವುದು ನನ್ನ ಕೈಗೆ ಅಭ್ಯಾಸವಿಲ್ಲ, ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ. ನನಗೆ ಐವತ್ತೆರಡು. ಹಲ್ಲು ಮಾಡುವ ಕೆಲಸ. ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ನಾವು ಅದರಲ್ಲಿ ಪ್ಲಾಸ್ಟರ್ ಸುರಿದು ದವಡೆ ಮಾಡಿಕೊಂಡು, ಅದರ ಮೇಲೆ ಮೇಣದಲ್ಲಿ ಹಲ್ಲು ಕಡೆದು, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಪಿಂಗಾಣಿ ತುಂಬುತ್ತೇವೆ. ಮುಂದಿನ ಹಲ್ಲುಗಳು ನನ್ನ ಪಾಲಿನವು. ಜೂನ್‌ನಲ್ಲಿ ಯಂತ್ರ ಬರುತ್ತದೆ. ದವಡೆಹಲ್ಲನ್ನೆಲ್ಲ ಅದೇ ಕೊರೆಯುತ್ತದೆ. ಮುಂದಿನ ಹಲ್ಲಿಗೆ ಮಾತ್ರ ಒಂದು ಕುರ್ಚಿ ಉಳಿಯುತ್ತದೆ. "ಕಣ್ಣಿರೋವರೆಗೂ ಆ ಕುರ್ಚಿ ನಿಮ್ಮದೇ" ಎಂದು ಯಜಮಾನರು ಹೇಳಿದ್ದಾರೆ. ಇಲ್ಲದಿದ್ದರೆ ಪ್ಲಾಸ್ಟರ್ ಕೋಣೆ. ಅಲ್ಲಿ ದವಡೆ ಸುರಿಯುವುದಷ್ಟೇ, ಹಲ್ಲಿಲ್ಲ.

ರಕ್ತ ಪರೀಕ್ಷೆಗೆ ಹೋದದ್ದು ಹೆಂಡತಿಯ ಕಾಟಕ್ಕೆ. ಪ್ಯಾಂಟು ಸಡಿಲವಾಗಿದೆ, ರಾತ್ರಿ ನಾಲ್ಕು ಸಲ ಏಳುತ್ತೀರಿ, ಊಟವಾದ ಮೇಲೆ ಕೂತಲ್ಲೇ ತೂಕಡಿಸುತ್ತೀರಿ ಎಂದು ಅವಳು ಪಟ್ಟಿ ಮಾಡಿದ್ದಳು. ಮೂರು ತಿಂಗಳ ಸಕ್ಕರೆಯ ಸರಾಸರಿ ಒಂಬತ್ತು ಪಾಯಿಂಟ್ ಎರಡು ಬಂದಿದೆ. ಏಳರ ಕೆಳಗೆ ಬರಬೇಕಂತೆ. ಮಾತ್ರೆ ಬರೆದರು.

"ಮೂರು ತಿಂಗಳು ನೋಡೋಣ. ಇಳೀದಿದ್ರೆ ಇಂಜೆಕ್ಷನ್. ಆದ್ರೆ ಆ ಬಾಟಲಿ ಬಿಡದೆ ಮಾತ್ರೆ ನುಂಗೋದು ಅಂದ್ರೆ, ನಲ್ಲಿ ಬಿಟ್ಟು ನೆಲ ಒರೆಸಿದ ಹಾಗೆ. ಯಾಕೆ ಅದನ್ನೇ ಕುಡೀತೀರ?"

"ನಮ್ಮಲ್ಲಿ ಪ್ಲಾಸ್ಟರ್ ಧೂಳು ಮೇಡಂ. ಲೋಟ ತೆರೆದಿಟ್ರೆ ಐದು ನಿಮಿಷಕ್ಕೆ ಕೆನೆ ಕಟ್ಟತ್ತೆ. ಮುಚ್ಚಳ ಇರೋ ಬಾಟಲಿನೇ ಆಗಬೇಕು."

"ನೀರಿನ ಬಾಟಲಿಗೂ ಮುಚ್ಚಳ ಇರತ್ತೆ."

ಆಮೇಲೆ ಕಣ್ಣಿನ ವಿಚಾರ ಕೇಳಿದರು. ಅದೊಂದರಲ್ಲಿ ನಾನು ಮೇಲುಗೈ. ಓದುವ ಕನ್ನಡಕ, ಅಂದರೆ ಚಾಳೀಸು, ನನಗೆ ಬಂದದ್ದು ನಲವತ್ನಾಲ್ಕಕ್ಕೆ. ಹೋದ ವರ್ಷ ಅದು ತಾನಾಗಿಯೇ ಬೇಡವಾಯಿತು. ಈಗ ಕೂದಲೆಳೆಯಂಥ ಬಿರುಕೂ ಬರಿಗಣ್ಣಿಗೆ ಕಾಣುತ್ತದೆ. ಬಸ್ಸಿನ ಬೋರ್ಡು ಸ್ವಲ್ಪ ಮಸುಕು, ಬಸ್ಸು ಹತ್ತಿರ ಬಂದ ಮೇಲೆ ಓದಿದರಾಯಿತು. ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹೌದಾ? ಕಣ್ಣಿನವರಿಗೂ ಒಂದು ಸಲ ತೋರಿಸಿಬಿಡಿ" ಎಂದು ಇನ್ನೊಂದು ಚೀಟಿ ಕೊಟ್ಟರು. ಚೀಟಿ ಈ ಪುಸ್ತಕದ ಕೊನೆಯಲ್ಲಿದೆ.

ಮಾರ್ಚ್ 6, ಗುರುವಾರ

ಮೂರು.

ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿದೆ. ಬರಿಗಣ್ಣಿನಲ್ಲಿ. ಒಂದರಲ್ಲಿ ಐವತ್ತಮೂರು ಗ್ರಾಂ ಸಕ್ಕರೆ. ಪ್ಲಾಸ್ಟರ್ ತೂಗುವ ತಕ್ಕಡಿಯಲ್ಲಿ ಮೂರು ಬಾಟಲಿಯ ಸಕ್ಕರೆ ತೂಗಿ ಕಾಗದದ ಮೇಲೆ ಸುರಿದೆ. ನೂರಾ ಐವತ್ತೊಂಬತ್ತು. ಒಂದು ದವಡೆಗೆ ನೂರು ಗ್ರಾಂ ಪ್ಲಾಸ್ಟರ್ ಸಾಕು. ಅಂದರೆ ದಿನಕ್ಕೆ ಒಂದೂವರೆ ದವಡೆ ಕುಡಿಯುತ್ತಿದ್ದೇನೆ.

ಪಕ್ಕದ ಮೇಜಿನಲ್ಲಿ ಮೇಣದ ಕೆಲಸ ಮಾಡುವಾಕೆಯನ್ನು ಲ್ಯಾಬಿನಲ್ಲಿ ಎಲ್ಲರೂ ಮೇಣದಕ್ಕ ಎನ್ನುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವಳು. ಕೆಲಸ ಕಲಿತದ್ದು ನನ್ನ ಹತ್ತಿರ, ಅದಕ್ಕೇ ನನ್ನನ್ನು ಮೇಷ್ಟ್ರೇ ಎನ್ನುತ್ತಾಳೆ. ಕಾಗದದ ಮೇಲಿನ ಗುಡ್ಡೆ ನೋಡಿ, "ಏನ್ ಮೇಷ್ಟ್ರೇ, ಇವತ್ತು ಇರುವೆಗಳಿಗೆ ಹಲ್ಲು ಕಟ್ಟಿಸ್ತಿದೀರಾ?" ಎಂದಳು.

ಮಾರ್ಚ್ 14, ಶುಕ್ರವಾರ

ಎರಡು. ನಾಲ್ಕು ಗಂಟೆಯದನ್ನು ಬಿಟ್ಟು ಆರು ದಿನ. ನಾಲ್ಕಕ್ಕೆ ಸರಿಯಾಗಿ ತಲೆನೋವು ಬರುತ್ತದೆ. ಮೇಣದಕ್ಕನ ಮೇಲೆ ರೇಗಿದೆ, ಚಾಕು ಜಾಗ ಬದಲಾಯಿಸಿದ್ದಕ್ಕೆ. ಚಾಕು ನನ್ನ ಜೇಬಿನಲ್ಲೇ ಇತ್ತು.

ಮನೆಯಲ್ಲಿ ಮಾತಿಲ್ಲ. ಇದು ಹೊಸದೇನೂ ಅಲ್ಲ. ನಾವಿಬ್ಬರೇ ಇರುವುದು. ಹೇಳುವುದೆಲ್ಲ ಹೇಳಿ ಮುಗಿದಿದೆ.

ಮಾರ್ಚ್ 15, ಶನಿವಾರ

ಮೂರು.

ಮಾರ್ಚ್ 25, ಮಂಗಳವಾರ

ಒಂದು ಸಂಗತಿ ನಡೆಯಿತು, ಇದ್ದಹಾಗೆ ಬರೆದಿಡುತ್ತೇನೆ.

ಮಧ್ಯಾಹ್ನ ಮೇಣದಕ್ಕ ಒಂದು ಪ್ಲಾಸ್ಟರ್ ಬಾಯಿ ತಂದು ನನ್ನ ಮುಂದೆ ಇಟ್ಟಳು. ಹೆಸರಿನ ಚೀಟಿ ಇರಲಿಲ್ಲ. "ಇದು ಯಾವ ಥರದ ಬಾಯಿ, ಹೇಳಿ ನೋಡೋಣ." ಇದು ನಮ್ಮ ಹಳೆಯ ಆಟ. ಮೂವತ್ತು ವರ್ಷ ಊರಿನವರ ಹಲ್ಲು ನೋಡಿದವನಿಗೆ ಮುಖ ನೋಡುವ ಅಗತ್ಯವಿಲ್ಲ.

ತಿರುಗಿಸಿ ನೋಡಿದೆ. "ಅರವತ್ತು ದಾಟಿದ ಗಂಡಸು. ದವಡೆಹಲ್ಲಿನ ತುದಿಗಳು ಬಟ್ಟಲ ಹಾಗೆ ಗುಳಿ ಬಿದ್ದಿವೆ, ಅಂಚು ಗಾಜಿನ ಚೂರಿನ ಹಾಗೆ ತೆಳ್ಳಗಾಗಿದೆ. ಹಲ್ಲು ಕಡಿದು ಆದದ್ದಲ್ಲ, ಕರಗಿ ಆದದ್ದು. ಸಿಹಿ ಬಾಟಲಿ. ಒಂದೇ ಸಲಕ್ಕೆ ಕುಡಿಯೋನೂ ಅಲ್ಲ, ಗುಟುಕು ಗುಟುಕಾಗಿ ದಿನವಿಡೀ. ಹೇಳಿದ್ದು ಕೇಳೋ ಪೈಕಿ ಅಲ್ಲ. ಇನ್ನು ಐದು ವರ್ಷಕ್ಕೆ ಪೂರಾ ಸೆಟ್ಟಿಗೆ ನಮ್ಮಲ್ಲಿಗೇ ಬರ್ತಾನೆ."

"ಹಿಂಬದಿ ನೋಡಿ."

ತಳದಲ್ಲಿ ಗಡಿಬಿಡಿಯಲ್ಲಿ ಬರೆದಂತೆ ಸೊಟ್ಟಗೆ ಹೋದ ವರ್ಷದ ಒಂದು ತಾರೀಕು ಇತ್ತು. ಬರಹ ನನ್ನದು. ಹೊಸ ಅಚ್ಚಿನ ಪುಡಿ ಬಂದಾಗ ಪರೀಕ್ಷೆಗೆಂದು ನನ್ನ ಬಾಯನ್ನೇ ತೆಗೆಸಿಕೊಂಡಿದ್ದೆ. ಮರೆತಿದ್ದೆ.

"ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋದು ಇದಕ್ಕೇ" ಎಂದಳು. ನಗಲಿಲ್ಲ. ಆ ಬಾಯಿಯನ್ನು ಮೆತ್ತಗೆ ಕಪಾಟಿನಲ್ಲಿ ವಾಪಸು ಇಟ್ಟಳು.

ಎಂಟು ವರ್ಷ ಹೆಚ್ಚು ಹೇಳಿದೆ, ಅದೊಂದೇ ತಪ್ಪು. ಉಳಿದದ್ದೆಲ್ಲ ಸರಿ.

ಇವತ್ತು: ಒಂದು. ಊಟದ ಜೊತೆಯದನ್ನೂ ನಾಲ್ಕು ಗಂಟೆಯದನ್ನೂ ತೆರೆಯಲಿಲ್ಲ.

ಏಪ್ರಿಲ್ 1, ಮಂಗಳವಾರ

ಸೊನ್ನೆ. ಅದೇ ಬಾಟಲಿ, ತೊಳೆದು ನೀರು ತುಂಬಿಸಿದ್ದು. ಮೇಣದಕ್ಕ ಮುಚ್ಚಳ ತೆಗೆದು ಮೂಸಿ ನೋಡಿದಳು. ನನ್ನ ಮೇಲೆ ಅಷ್ಟೊಂದು ನಂಬಿಕೆ.

ಏಪ್ರಿಲ್ 9, ಬುಧವಾರ

ಸೊನ್ನೆ. ಒಂಬತ್ತನೆಯ ದಿನ. ರಾತ್ರಿ ಎದ್ದದ್ದು ಒಂದೇ ಸಲ. ಊಟದಲ್ಲಿ ಕ್ಯಾರೆಟ್ ಸಿಹಿಯಾಗಿತ್ತು. "ಸಕ್ಕರೆ ಹಾಕಿದೀಯಾ?" ಎಂದು ಕೇಳಿದೆ. ಹೆಂಡತಿ ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು.

ಅವಳ ಕೆಲಸ ರೈಲು ನಿಲ್ದಾಣದಲ್ಲಿ, ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ. ಇವತ್ತು ಯಾರೋ ಒಂದು ಹಲ್ಲುಸೆಟ್ಟು ಬಿಟ್ಟುಹೋಗಿದ್ದರಂತೆ, ಟಿಫಿನ್ ಡಬ್ಬಿಯೊಳಗೆ. ಸಂಜೆ ಒಬ್ಬ ಮುದುಕರು ಬಂದು ಕೈಸನ್ನೆಯಲ್ಲಿ ಕೇಳಿದರಂತೆ. ನಿಯಮದ ಪ್ರಕಾರ ಗುರುತು ಹೇಳಬೇಕು. "ಏನ್ ಗುರುತು ಹೇಳಿ ಅಂದೆ ರೀ. ಬಾಯಿ ತೆರೆದು ತೋರಿಸಿಬಿಟ್ರು. ರಿಜಿಸ್ಟರಿನಲ್ಲಿ 'ಖಾಲಿ ಜಾಗ ಸರಿಹೊಂದಿದೆ' ಅಂತ ಬರೆದು ಕೊಟ್ಟೆ."

ನಗುವಾಗ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ವಸ್ತುಗಳಿಗೆ ಚೀಟಿ ಕಟ್ಟುವ ದಾರವನ್ನು ಹಲ್ಲಿನಲ್ಲೇ ಕತ್ತರಿಸುತ್ತ ಮೇಲಿನ ಮುಂದಿನ ಹಲ್ಲು ಮುರಿದುಕೊಂಡು ಎಂಟು ತಿಂಗಳಾಗಿರಬೇಕು. ಮಾಡೋಣ ಎಂದು ನಾನೇ ಹೇಳಿದ್ದೆ. ಊರಿಗೆಲ್ಲ ಹಲ್ಲು ಮಾಡುವವನ ಮನೆಯಲ್ಲಿ ಕೈ ಅಡ್ಡ ಹಿಡಿದು ನಗುತ್ತಾರೆ. ನಾಳೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಚ್ಚು ಕೊಟ್ಟು ಬಾ ಎಂದೆ.

ಬೆಳಿಗ್ಗೆ ಬಸ್ಸು ತಿರುವಿನಲ್ಲಿರುವಾಗಲೇ ಕೈ ಎತ್ತಿದೆ, ನಮ್ಮದೇ ಬಸ್ಸು. ಇದು ಬರೆಯುವಂಥದ್ದಲ್ಲ.

ಏಪ್ರಿಲ್ 15, ಮಂಗಳವಾರ

ಸೊನ್ನೆ. ಆದರೆ ಕಣ್ಣು.

ಹಲ್ಲು ವಸಡಿಗೆ ಸೇರುವ ಕಡೆ ಒಂದು ಗೆರೆ ಇರುತ್ತದೆ. ನಮ್ಮ ಕೆಲಸವೆಲ್ಲ ಆ ಗೆರೆಯ ಮೇಲೆ ನಿಂತಿದೆ. ಅದು ಇವತ್ತು ನನಗೆ ಎರಡಾಗಿ ಕಂಡಿತು. ದೀಪ ಹತ್ತಿರ ಎಳೆದುಕೊಂಡೆ. ದವಡೆಯನ್ನು ಕೈಯುದ್ದ ದೂರ ಹಿಡಿದೆ. ದೂರ ಹಿಡಿದರೆ ಗೆರೆ ಒಂದಾಗುತ್ತದೆ, ಆದರೆ ಅಷ್ಟು ದೂರದಿಂದ ಚಾಕು ಆಡಿಸಲಾಗುವುದಿಲ್ಲ.

ಯಾರಿಗೂ ಹೇಳಲಿಲ್ಲ.

ಏಪ್ರಿಲ್ 17, ಗುರುವಾರ

ಬೆಳಗಿನ ಪೆಟ್ಟಿಗೆಯಲ್ಲಿ ಒಂದು ಅಚ್ಚು ಬಂತು. ರೋಗಿಯ ಹೆಸರಿನ ಜಾಗದಲ್ಲಿ ನನ್ನ ಹೆಂಡತಿಯ ಹೆಸರು.

ಮೂರು ಗಂಟೆ ಕೂತೆ. ಕಡೆದದ್ದನ್ನು ಮೇಣದಕ್ಕ ಭೂತಗನ್ನಡಿಯ ಕೆಳಗಿಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು.

"ಮೇಷ್ಟ್ರೇ, ಬೇರೆಯವರು ಮಾಡಿದ್ರೆ ಕರಗಿಸಿಬಿಡ್ತಿದ್ದೆ."

"ನಾನೇ ಕರಗಿಸ್ತೀನಿ, ಕೊಡು."

"ಅಂಚು ಗಿಡ್ಡ ಆಗಿದೆ. ಒಂದು ಕೂದಲೆಳೆಯಷ್ಟು. ನಿಮಗೆ ಕಾಣ್ತಿಲ್ವಾ?"

"ಕಾಣ್ತಿದೆ" ಎಂದೆ.

ಇಷ್ಟು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳೇನೂ ಅಲ್ಲ. ಅವಳು ನಂಬದೆ ಹೋದದ್ದು ಇದೇ ಮೊದಲು.

ಏಪ್ರಿಲ್ 18, ಶುಕ್ರವಾರ

ಲೆಕ್ಕ ಸರಳವಾಗಿದೆ. ಬಾಟಲಿ ಇದ್ದಾಗ ಕಣ್ಣು ಇತ್ತು. ಬಾಟಲಿ ಬಿಟ್ಟೆ, ಕಣ್ಣು ಹೋಯಿತು. ಹತ್ತು ವರ್ಷ ಅದರ ಮೇಲೆ ನಡೆದ ದೇಹ, ಒಮ್ಮೆಲೇ ಕಿತ್ತುಕೊಂಡರೆ ಸೇಡು ತೀರಿಸಿಕೊಳ್ಳುತ್ತದೆ. ಕುರ್ಚಿ ಹೋದರೆ ಆರು ಪಾಯಿಂಟ್ ಏನೋ ಒಂದು ಇಟ್ಟುಕೊಂಡು ನಾನು ಮಾಡುವುದೇನು? ಹಲ್ಲಿದ್ದಾಗ ಕಡಲೆ ಇಲ್ಲ ಎನ್ನುವ ಗಾದೆ ನಮ್ಮ ಲ್ಯಾಬಿನ ಗೋಡೆಯ ಮೇಲಿದೆ. ಯಜಮಾನರ ತಮಾಷೆ.

ಸಂಜೆ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದು ಬಾಟಲಿ ಕೊಂಡು, ಅಲ್ಲೇ ನಿಂತು ಅರ್ಧ ಕುಡಿದೆ. ಅಂಟು. ಇಷ್ಟು ಸಿಹಿ ಇತ್ತೇ ಇದು? ಬಾಯಲ್ಲಿ ಬಟ್ಟೆ ಒಣಗಿಸಿದಂತಾಯಿತು. ಉಳಿದದ್ದನ್ನು ಔಷಧಿಯೆಂದು ಮುಗಿಸಿದೆ. ಬಾಟಲಿಯ ಚೀಟಿಯ ಮೇಲಿನ ಅಕ್ಷರ ನೋಡಿದೆ, ಎರಡೆರಡಾಗಿಯೇ ಕಂಡಿತು.

ಮನೆಗೆ ಬಂದಾಗ ಹೆಂಡತಿ ಈ ಪುಸ್ತಕದಿಂದ ಜಾರಿ ಬಿದ್ದಿದ್ದ ಚೀಟಿಯನ್ನು ಮೇಜಿನ ಮೇಲೆ ಇಟ್ಟಿದ್ದಳು, ಕಣ್ಣಿನವರಿಗೆ ಬರೆದದ್ದು. "ಇದು ಯಾರದೋ ಬಿಟ್ಟುಹೋದ ವಸ್ತು. ನಾಳೆ ವಾರಸುದಾರರು ಬಂದು ಬಿಡಿಸಿಕೊಳ್ಳಬೇಕು" ಎಂದಳು. ತಾರೀಕು ನೋಡಿದ್ದಾಳೆ. ಪುಸ್ತಕ ಓದಿಲ್ಲ, ಅದು ಅವಳ ಸ್ವಭಾವವಲ್ಲ.

ಒಂದು.

ಏಪ್ರಿಲ್ 19, ಶನಿವಾರ

ಕಣ್ಣಿನ ಡಾಕ್ಟರು ವಯಸ್ಸಾದವರು, ಮಾತು ನಿಧಾನ. ಹನಿ ಹಾಕಿ ಒಳಗೆಲ್ಲ ನೋಡಿದರು. ಹಿಂದಿನ ಪರದೆ ಚೆನ್ನಾಗಿದೆಯಂತೆ, ರಕ್ತ ಒಸರಿಲ್ಲವಂತೆ. ಬಾಟಲಿ ಬಿಟ್ಟದ್ದರಿಂದ ಕಣ್ಣು ಹೋಯಿತು ಎಂಬ ನನ್ನ ಲೆಕ್ಕವನ್ನು ಪೂರ್ತಿ ಕೇಳಿಸಿಕೊಂಡರು.

"ಹೋದ ವರ್ಷ ಚಾಳೀಸು ಬೇಡವಾಯ್ತು ಅಂತ ಖುಷಿಪಟ್ರಾ?"

"ಊರಿಗೆಲ್ಲ ಹೇಳಿಕೊಂಡು ಬಂದೆ."

"ಅದು ಕಣ್ಣು ಸರಿಹೋದದ್ದಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಾದ್ರೆ ಕಣ್ಣೊಳಗಿನ ಮಸೂರ ನೀರು ಹಿಡಿದು ಊದಿಕೊಳ್ಳತ್ತೆ. ಹತ್ತಿರದ್ದು ಚೆನ್ನಾಗಿ ಕಾಣತ್ತೆ, ದೂರದ್ದು ಮಸುಕಾಗತ್ತೆ. ಕಾಯಿಲೆನೇ ನಿಮಗೆ ಕನ್ನಡಕ ಹಾಕಿತ್ತು. ಈಗ ಅದನ್ನ ತೆಗೀತಿದೆ." ಆಮೇಲೆ ಕೇಳಿದರು: "ಬಸ್ಸಿನ ಬೋರ್ಡು ಈಗ ಹೇಗಿದೆ?"

ಎದುರು ಗೋಡೆಯ ಕ್ಯಾಲೆಂಡರಿನ ಕೆಳಗೆ ಅಚ್ಚು ಮಾಡಿದ ಛಾಪಖಾನೆಯ ಹೆಸರಿತ್ತು, ಅದನ್ನು ಓದಿದೆ.

ಇನ್ನು ಐದಾರು ವಾರ ಮಸೂರ ದಿನಕ್ಕೊಂದು ಥರ ಇರುತ್ತದೆ, ಅಲ್ಲಿಯವರೆಗೆ ಹೊಸ ಕನ್ನಡಕ ಮಾಡಿಸಬಾರದು. ಮತ್ತೆ ಸಕ್ಕರೆ ಏರಿಸಿ ಇಳಿಸಿ ಆಟವಾಡಿಸಬಾರದು. "ನಿಂತ ಮೇಲೆ ನಿಮ್ಮ ಹಳೇ ಚಾಳೀಸೇ ಸಾಕಾಗಬಹುದು. ಇಟ್ಟಿದೀರಾ?"

ದಾನ ಮಾಡಿದ್ದೆ.

ಏಪ್ರಿಲ್ 20, ಭಾನುವಾರ

ಹೆಂಡತಿಯ ಅಣ್ಣ, ನನ್ನ ಭಾವ, ಭಾನುವಾರ ಹತ್ತಕ್ಕೆ ಬರುತ್ತಾರೆ, ಪತ್ರಿಕೆ ಓದಿ ಹನ್ನೆರಡಕ್ಕೆ ಹೋಗುತ್ತಾರೆ. ಅವರ ಮೂಗಿನ ಮೇಲಿರುವುದು ನನ್ನ ಚಾಳೀಸು. ಹೋದ ವರ್ಷ ಇದೇ ಕುರ್ಚಿಯಲ್ಲಿ, "ತಗೊಳ್ಳಿ ಭಾವ, ವಯಸ್ಸಾದವರಿಗೆ ಬೇಕಾಗತ್ತೆ" ಎಂದು ಕೊಟ್ಟಿದ್ದೆ. ಅವರು ನನಗಿಂತ ಒಂದು ವರ್ಷ ದೊಡ್ಡವರು.

"ಭಾವ, ಅದು ವಾಪಸು ಬೇಕಾಗಿತ್ತು."

ಪತ್ರಿಕೆ ಕೆಳಗಿಳಿಯಿತು. "ಯಾಕೆ, ಯೌವನ ಮುಗೀತಾ?"

"ಮುಗೀತು."

"ಕೊಟ್ಟ ದಾನ ಹಿಂದಕ್ಕೆ ಕೇಳೋನನ್ನ ಏನಂತಾರೆ ಗೊತ್ತಾ?"

"ಏನಾದ್ರೂ ಅನ್ಲಿ. ಅವಳ ಹಲ್ಲು ಮಾಡಬೇಕು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಭಾವ ಚಾಳೀಸು ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟರು. ಮುಖ್ಯಸುದ್ದಿಯನ್ನು ಕೈಯುದ್ದ ದೂರ ಹಿಡಿದು ಓದಲು ನೋಡಿದರು. "ನನ್ನ ಕೈ ಇಷ್ಟೇ ಉದ್ದ ಇರೋದು. ಉಳಿದದ್ದನ್ನ ನೀವೇ ಓದಿ ಹೇಳಿ." ಓದಿ ಹೇಳಿದೆ, ಹನ್ನೆರಡರವರೆಗೆ. ಕಣ್ಣು ಇನ್ನೂ ಈಜುತ್ತದೆ, ಆದರೆ ಅಕ್ಷರ ಒಂದಾಗಿದೆ.

ಏಪ್ರಿಲ್ 21, ಸೋಮವಾರ

ಯಜಮಾನರಿಗೆ ಹೇಳಿದೆ. ಇದ್ದದ್ದು ಇದ್ದಹಾಗೆ, ಬಾಟಲಿಯಿಂದ ಮಸೂರದವರೆಗೆ. ಆರು ವಾರ ಪ್ಲಾಸ್ಟರ್ ಕೋಣೆಗೆ ಹಾಕಿ ಎಂದು ನಾನೇ ಕೇಳಿಕೊಂಡೆ. ಅವರು ಪೆನ್ನು ಉರುಳಿಸುತ್ತ ಕೂತರು. ಯಂತ್ರ ಬರುವುದಕ್ಕೂ ಆರು ವಾರವೇ ಇದೆ. ಕುರ್ಚಿ ಯಾರದೆಂದು ಅಂದೇ ನೋಡೋಣ ಎಂದರು.

ನನ್ನ ಮೇಜಿಗೆ ಮೇಣದಕ್ಕ ಕೂತಳು. ಚಾಕುಗಳನ್ನು ಇದ್ದ ಜಾಗದಲ್ಲೇ ಬಿಟ್ಟಿದ್ದಾಳೆ.

ಹೆಂಡತಿಯ ಹಲ್ಲನ್ನೂ ಅವಳೇ ಮಾಡಲಿ ಎಂದೆ. ಹೆಂಡತಿ ಒಪ್ಪಲಿಲ್ಲ. "ತಾತ್ಕಾಲಿಕದ್ದು ಒಂದು ಕೂರಿಸಿದಾರಲ್ಲ. ಎಂಟು ತಿಂಗಳು ಕಾದಿದೀನಿ, ಆರು ವಾರ ಏನು ಮಹಾ. ಕೌಂಟರಿನಲ್ಲಿ ವಾರಸುದಾರರಿಗೆ ನಾವು ತೊಂಬತ್ತು ದಿನ ಕೊಡ್ತೀವಿ."

ಮೇ 6, ಮಂಗಳವಾರ

ಪ್ಲಾಸ್ಟರ್ ಕೋಣೆಯಲ್ಲಿ ದಿನಕ್ಕೆ ನಲವತ್ತು ದವಡೆ. ಕೆಲಸ ಬೇಗ ಮುಗಿಯುತ್ತದೆ, ಎರಡು ಸ್ಟಾಪು ನಡೆದುಕೊಂಡು ನಿಲ್ದಾಣಕ್ಕೆ ಹೋಗಿ ಅವಳ ಜೊತೆ ಬರುತ್ತೇನೆ. ದಾರಿಯಲ್ಲಿ ಒಂದು ಬೇಲಿ ಇದೆ, ಅದರೊಳಗೊಂದು ನಾಯಿ ಇದೆ, ಅದಕ್ಕೆ ನಾನೆಂದರೆ ಆಗುವುದಿಲ್ಲ, ಅವಳೆಂದರೆ ಪ್ರಾಣ. ಇವತ್ತು ಕಳೆದುಹೋದ ಛತ್ರಿಗಳೇ ಹದಿನಾಲ್ಕು ಬಂದಿವೆಯಂತೆ, ಮಳೆ ಒಂದು ಹನಿ ಇಲ್ಲ. "ಮಳೆ ಬಂದ್ರೆ ಯಾರೂ ಮರೆಯಲ್ಲ ರೀ" ಎಂದಳು.

ಮೇ 18, ಭಾನುವಾರ

ಭಾವ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ, ಚಿನ್ನದ ಬಣ್ಣದ ಕಡ್ಡಿ. ಆದರೂ ಪತ್ರಿಕೆ ನನ್ನ ಕಡೆ ತಳ್ಳುತ್ತಾರೆ. ಓದುತ್ತೇನೆ. ಕ್ರೀಡೆಯ ಪುಟವನ್ನು ರಾಗವಾಗಿ ಓದಬೇಕಂತೆ.

ಮೇ 28, ಬುಧವಾರ

ಕಣ್ಣು ನಿಂತಿದೆ. ಎರಡು ವಾರದಿಂದ ಅಳತೆ ಒಂದೇ. ಹಳೆಯ ಚಾಳೀಸು ಸರಿಯಾಗಿ ಕೂರುತ್ತದೆ.

ಬಣ್ಣ ನೋಡುವ ಹಲ್ಲಿನ ಮಾದರಿಗಳನ್ನು ಮನೆಗೆ ತಂದಿದ್ದೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ಅವಳನ್ನು ಕೂರಿಸಿದೆ. ನಗು ಎಂದೆ. ಬರಲಿಲ್ಲ. ಹೇಳಿದಾಗ ನಗಲು ತಾನೇನು ಕೌಂಟರಿನಲ್ಲಿದ್ದೇನೆಯೇ ಎಂದಳು. ಆಮೇಲೆ ತಾನಾಗಿ ಬಂತು, ಕೈಯೂ ಬಂತು. ಕೈಯನ್ನು ಹಿಡಿದು ಅವಳ ಮಡಿಲಿನಲ್ಲಿ ಇಟ್ಟೆ, ಕೆಲಸಕ್ಕೆ ಅಡ್ಡಿಯೆಂದು. ಇಪ್ಪತ್ತು ನಿಮಿಷ ನೋಡಿದೆ. ಪಕ್ಕದ ಹಲ್ಲು ಒಂದು ಎಳೆ ಒಳಕ್ಕೆ ತಿರುಗಿದೆ, ಅಂಚಿನಲ್ಲಿ ದಾರ ಕಚ್ಚಿದ ಸಣ್ಣ ಕಚ್ಚು ಇದೆ, ವಸಡಿನ ಬಳಿ ಬಣ್ಣ ಟೀ ಕಡೆಗೆ ವಾಲುತ್ತದೆ. ಇಪ್ಪತ್ತಾರು ವರ್ಷ ಇದೇ ಮುಖದ ಎದುರು ಉಂಡಿದ್ದೇನೆ. ಅಚ್ಚಿನಲ್ಲಿ ಇದೆಲ್ಲ ಬರುವುದಿಲ್ಲ.

"ಮುಗೀತಾ?"

"ಇಲ್ಲ" ಎಂದೆ. ಮುಗಿದಿತ್ತು.

ಮೇ 30, ಶುಕ್ರವಾರ

ಕಡೆದೆ. ಎರಡು ಗಂಟೆ. ನೇರ ಹಲ್ಲು ಮಾಡಲಿಲ್ಲ, ಪಕ್ಕದ್ದರ ಹಾಗೆ ಒಂದು ಎಳೆ ತಿರುಗಿಸಿದೆ, ತುದಿಗೆ ಕಚ್ಚೂ ಇಟ್ಟೆ. ಮೇಣದಕ್ಕ ಭೂತಗನ್ನಡಿಯ ಕೆಳಗೆ ಇಟ್ಟು ಸುತ್ತಲೂ ತಿರುಗಿಸಿದಳು.

"ಕಚ್ಚು ಯಾಕೆ?"

"ಅವಳಿಗೆ ಇದೆ."

ಎದ್ದು ನನ್ನ ಕುರ್ಚಿಯ ಧೂಳನ್ನು ಸೆರಗಿನಿಂದ ಒರೆಸಿದಳು. "ಕೂತ್ಕೊಳ್ಳಿ ಮೇಷ್ಟ್ರೇ. ನನ್ನ ಬೆನ್ನಿಗೆ ಇದು ಆಗಿಬರಲ್ಲ." ಬಾಗಿಲಿನಲ್ಲಿ ಯಜಮಾನರು ನಿಂತಿದ್ದರು. ಏನೂ ಹೇಳದೆ ಹೋದರು. ಹೇಳುವುದಿದ್ದರೆ ಹೇಳುತ್ತಿದ್ದರು.

ಜೂನ್ 2, ಸೋಮವಾರ

ಆರು ಪಾಯಿಂಟ್ ಎಂಟು. ಇಂಜೆಕ್ಷನ್ ಬೇಡ. ಮಾತ್ರೆ ಮುಂದುವರಿಯಲಿ, ಇನ್ನು ಮೂರು ತಿಂಗಳಿಗೆ ಮತ್ತೆ ನೋಡೋಣ, ಮರೆತು ಮೈಮರೆತರೆ ಇದು ಮತ್ತೆ ಏರುವಂಥದ್ದೇ ಎಂದರು ಡಾಕ್ಟರು. ಕುಡಿದದ್ದನ್ನು ಬರೆದಿರಾ ಎಂದು ಕೇಳಿದರು. ಬರೆದೆ ಎಂದೆ.

ಹಿಂದಕ್ಕೆ ತಿರುವಿ ನೋಡಿದರೆ ಏಪ್ರಿಲ್ 18 ಆದ ಮೇಲೆ ಎಲ್ಲೂ ಬಾಟಲಿಯ ಲೆಕ್ಕವಿಲ್ಲ. ಬಿಟ್ಟುಹೋಗಿದೆ. ಜ್ಞಾಪಕದಿಂದ ತುಂಬಿಸಬೇಕು.

ಜೂನ್ 5, ಗುರುವಾರ

ಹಲ್ಲಿನ ಡಾಕ್ಟರು ಬೆಳಿಗ್ಗೆ ಅವಳ ಹಲ್ಲು ಕೂರಿಸಿದರು. ನಾನು ಲ್ಯಾಬಿನಲ್ಲಿದ್ದೆ, ಯಂತ್ರ ಇಳಿಸುವ ಗಲಾಟೆ.

ಸಂಜೆ ನಿಲ್ದಾಣಕ್ಕೆ ಹೋದಾಗ ಕೌಂಟರು ಇನ್ನೂ ಮುಚ್ಚಿರಲಿಲ್ಲ. ರಸ್ತೆಯ ಈಚೆ ಬದಿ, ಬಾಟಲಿ ಕೊಂಡಿದ್ದ ಅಂಗಡಿಯ ಮುಂದೆ ನಿಂತೆ. ಚಾಳೀಸು ಜೇಬಿನಲ್ಲಿತ್ತು. ಗಾಜಿನಾಚೆ ಒಬ್ಬಳು ಹೆಂಗಸು ಒಂದು ಛತ್ರಿಯನ್ನು ತನ್ನದೆಂದು ವಾದಿಸುತ್ತಿದ್ದಳು, ಬಿಚ್ಚಿ ತೋರಿಸಿದಳು, ಒಳಗಿನಿಂದ ಏನೋ ಬಿತ್ತು, ಒಂದು ಸಾಕ್ಸ್ ಇರಬೇಕು. ನನ್ನ ಹೆಂಡತಿ ನಕ್ಕಳು. ಕೈ ಅರ್ಧದವರೆಗೆ ಮೇಲೆ ಬಂತು. ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿದು ರಿಜಿಸ್ಟರಿನ ಮೇಲೆ ಕೂತಿತು, ನಗು ಮಾತ್ರ ಹಾಗೇ ಇತ್ತು.

ರಸ್ತೆಯ ಅಗಲ ನಲವತ್ತು ಹೆಜ್ಜೆ. ಎಲ್ಲ ಹಲ್ಲೂ ಕಾಣುತ್ತಿದ್ದವು. ನಾನು ಮಾಡಿದ್ದು ಯಾವುದೆಂದು ಗೊತ್ತಾಗಲಿಲ್ಲ.